‘ಇಫ್’ ಜೊತೆ ‘ವಿಲ್’ ಬಿಡಿಸಲು
ಮೇಡಂ, ವಿಜಯಪುರದ ನಿಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ‘ಇಫ್ ಇಟ್ ವಿಲ್ ರೇನ್’ ಅಂತಲೇ ಬರೀತಾರೆ, ಹೇಗೆ ತಿದ್ದಲಿ ಅಂತ ಕೇಳಿದ್ದೀರಿ. ಸುಮ್ನೆ ನಿಯಮ ಬಾಯಿಪಾಠ ಮಾಡಿಸಬೇಡಿ. ಕನ್ನಡದಿಂದಲೇ ಶುರು ಮಾಡಿ. ‘ನಾಳೆ ಮಳೆ ಬಂದರೆ ಹೊಲಕ್ಕೆ ಹೋಗಲ್ಲ’ ಅಂತೀವಿ. ‘ಬಂದರೆ’ ಅನ್ನುವುದರಲ್ಲಿ ಭವಿಷ್ಯದ ಗುರುತು ಇಲ್ಲ, ಅಲ್ವಾ? ಇಂಗ್ಲಿಷಲ್ಲೂ ‘ಇಫ್ ಇಟ್ ರೇನ್ಸ್’ ಸಾಕು. ‘ವಿಲ್’ ಇನ್ನೊಂದು ಭಾಗಕ್ಕೆ.

ಆಮೇಲೆ ಗೋಲಗುಮ್ಮಟ ನೆನಪಿಸಿ. ‘ಇಫ್ ಯು ಕ್ಲ್ಯಾಪ್ ಇನ್ ದಿ ಗ್ಯಾಲರಿ, ಇಟ್ ಎಕೋಸ್.’ ಇದು ಯಾವಾಗಲೂ ನಿಜ, ಎರಡೂ ಕಡೆ ‘ವಿಲ್’ ಬೇಡ. ‘ಇಫ್ ವಿ ಗೋ ಆನ್ ಸಂಡೇ, ವಿ ವಿಲ್ ಕ್ಲ್ಯಾಪ್.’ ಇದು ಮುಂದಿನ ಒಂದು ದಿನದ ಮಾತು. ಈ ಜೋಡಿಯ ಮೇಲೆ ಜಾಸ್ತಿ ಹೊತ್ತು ಕಳೆಯಿರಿ.

ವಿನಂತಿಯಲ್ಲಿ ‘ಇಫ್ ಯು ವಿಲ್ ವೇಟ್ ಹಿಯರ್’ ಅನ್ನುವುದೂ ಸರಿಯೇ. ಅದನ್ನು ಈಗಲೇ ಹೇಳಬೇಡಿ, ಮಕ್ಕಳಿಗೆ ಗೊಂದಲವಾಗುತ್ತದೆ.