ಮದ್ಯ, ತಂಬಾಕಿನ ಮೇಲೆ ಇಷ್ಟೊಂದು ತೆರಿಗೆ ಹಾಕೋದು ನ್ಯಾಯವೇ?

ನೀವು ಎರಡು ವಿಷಯ ಕೇಳಿದ್ದೀರಿ. ನನ್ನ ದುಡ್ಡಲ್ಲಿ ನಾನು ವಾರಕ್ಕೊಂದು ಬಿಯರ್ ಕುಡಿದರೆ ಸರ್ಕಾರಕ್ಕೆ ಯಾಕೆ ದಂಡ ಕಟ್ಟಬೇಕು ಅನ್ನೋದು ಒಂದು. ಈ ‘ಪಾಪದ ತೆರಿಗೆ’ ಬಡವರನ್ನೇ ಸುಲಿಯುತ್ತದಲ್ವಾ ಅನ್ನೋದು ಇನ್ನೊಂದು. ಮೊದಲನೆಯದನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಎರಡನೆಯದು ನಿಜ, ಆದರೆ ಸುಲಿಗೆ ಆಗುತ್ತಿರುವುದು ಕುಡಿಯುವವನದ್ದಲ್ಲ.

ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ನನ್ನದೊಂದು ದಿನಸಿ ಅಂಗಡಿ ಇದೆ. ಬೀಡಿ, ಸಿಗರೇಟು ನಾನೂ ಮಾರುತ್ತೇನೆ. ಹಾಗಾಗಿ ಉಪದೇಶ ಮಾಡೋಕೆ ಬಂದಿಲ್ಲ. ಆದರೆ ಊರಿನ ಸಾಲದ ಪುಸ್ತಕ ನನ್ನ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇರುತ್ತದೆ. ರೇಟು ಏರಿದಾಗ ಏನಾಗುತ್ತದೆ ಅನ್ನೋದು ಅದರಲ್ಲಿ ಕಾಣುತ್ತದೆ.

ಸಿಗರೇಟಿನ ರೇಟು ಏರಿದರೆ ಹುಡುಗರು ಕಡಿಮೆ ಮಾಡುತ್ತಾರೆ. ಇನ್ನೂ ಚಟಕ್ಕೆ ಬೀಳದವರ ಕೈ ಹಿಂದೆ ಸರಿಯುತ್ತದೆ. ಇದು ತೆರಿಗೆ ಮಾಡುವ ಒಳ್ಳೆ ಕೆಲಸವೇ. ದಿನಾ ಕ್ವಾರ್ಟರ್ ಹಾಕುವವನ ಕಥೆ ಬೇರೆ. ಅವನು ಕ್ವಾರ್ಟರ್ ಬಿಡುವುದಿಲ್ಲ. ಅರ್ಧ ಕೇಜಿ ತೊಗರಿಬೇಳೆ ಒಯ್ಯುತ್ತಿದ್ದ ಅವನ ಹೆಂಡತಿ ಕಾಲು ಕೇಜಿ ಸಾಕು ಅನ್ನುತ್ತಾರೆ. ಮಕ್ಕಳ ಬಿಸ್ಕತ್ತು ನಿಂತುಹೋಗುತ್ತದೆ. ಬಾಕಿ ಮುಂದಿನ ವಾರಕ್ಕೆ ಹೋಗುತ್ತದೆ. ಹೆಚ್ಚಾದ ತೆರಿಗೆ ಕಟ್ಟಿದ್ದು ಯಾರು ಹೇಳಿ?

ಹಾಗಂತ ತೆರಿಗೆಯೇ ತಪ್ಪು ಅನ್ನಲಾರೆ. ಕುಡಿದು ಬೈಕ್ ಓಡಿಸಿ ಬಿದ್ದವನನ್ನೂ, ಲಿವರ್ ಕೆಟ್ಟವನನ್ನೂ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಸೇರಿಸುತ್ತಾರೆ. ಅದು ನಡೆಯುವುದು ಎಲ್ಲರ ದುಡ್ಡಲ್ಲಿ, ಒಂದು ತೊಟ್ಟೂ ಕುಡಿಯದವರ ದುಡ್ಡೂ ಸೇರಿ. ಕುಡಿಯುವವರು ಸ್ವಲ್ಪ ಜಾಸ್ತಿ ಕೊಡಲಿ, ಅದರಲ್ಲಿ ಅನ್ಯಾಯ ಏನಿದೆ?

ನನ್ನ ತಕರಾರು ಇರುವುದು ಟಾರ್ಗೆಟ್ ಮೇಲೆ. ರಾಜ್ಯದ ಅಬಕಾರಿ ಇಲಾಖೆಗೆ 2024-25ರ ಬಜೆಟ್‌ನಲ್ಲಿ ಇಟ್ಟ ಗುರಿ 38,525 ಕೋಟಿ ರೂಪಾಯಿ. 2025-26ಕ್ಕೆ 40,000 ಕೋಟಿ. ಕುಡಿತ ಕಡಿಮೆ ಆಗಲಿ ಅಂತ ಹಾಕುವ ತೆರಿಗೆ ವರ್ಷ ವರ್ಷ ಜಾಸ್ತಿ ಬರಲೇಬೇಕು ಅಂದರೆ ಏನರ್ಥ? ಜನ ನಿಜವಾಗಿ ಬಿಟ್ಟುಬಿಟ್ಟರೆ ಬಜೆಟ್ ಕುಸಿಯುತ್ತದೆ. ಪಾನನಿಷೇಧಕ್ಕೆ ಪ್ರಯತ್ನಿಸಿ ಅಂತ ಸಂವಿಧಾನದ 47ನೇ ವಿಧಿ ಹೇಳುತ್ತದೆ. ಅದೇ ಸರ್ಕಾರ ಗುರಿ ಮುಟ್ಟಿತಾ ಅಂತ ಅಬಕಾರಿ ಅಧಿಕಾರಿಗಳನ್ನು ಕೇಳುತ್ತದೆ! ಯಾವ ಪಕ್ಷ ಬಂದರೂ ಇಷ್ಟೇ. ಮದ್ಯ ಜಿಎಸ್‌ಟಿ ಹೊರಗಿದೆ. ದೆಹಲಿಯನ್ನು ಕೇಳದೆ ರಾಜ್ಯ ತಾನೇ ಏರಿಸಬಹುದಾದ ತೆರಿಗೆಗಳು ಉಳಿದಿರುವುದೇ ಕೆಲವು. ದುಡ್ಡು ಬೇಕಾದಾಗಲೆಲ್ಲ ಕೈ ಅಲ್ಲಿಗೇ ಹೋಗುತ್ತದೆ.

2023ರ ಜುಲೈ ಬಜೆಟ್ ನೆನಪಿದೆಯಾ? ಮದ್ಯದ ಎಲ್ಲ 18 ಸ್ಲ್ಯಾಬ್‌ಗಳಿಗೂ (ಬೆಲೆವಾರು ಹಂತಗಳು) ಹೆಚ್ಚುವರಿ ಅಬಕಾರಿ ಸುಂಕ ಶೇ 20ರಷ್ಟು ಏರಿತು. ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಗೃಹಲಕ್ಷ್ಮಿ ಶುರುವಾಯಿತು, ಮನೆಯೊಡತಿಗೆ ತಿಂಗಳಿಗೆ 2,000. ಗಂಡನ ಹತ್ತಿರ ಕಿತ್ತು ಹೆಂಡತಿಗೆ ಕೊಡುತ್ತಾರೆ ಅಂತ ನಮ್ಮ ಅಂಗಡಿ ಕಟ್ಟೆ ಮೇಲೆ ಗೇಲಿ ಮಾಡುವವರಿದ್ದಾರೆ. ನನಗೇನೋ ಆ ದುಡ್ಡು ಹೆಂಗಸರ ಕೈಗೆ ಬಂದದ್ದೇ ಒಳ್ಳೆಯದು ಅನ್ನಿಸುತ್ತದೆ. ಬೇಳೆ ಬಾಕಿ ಎಷ್ಟೋ ಮನೆಗಳಲ್ಲಿ ಅದರಿಂದಲೇ ತೀರಿತು. ಬೇಜಾರಾದದ್ದು ಮರುವರ್ಷ. 2024ರ ಆಗಸ್ಟ್‌ನಲ್ಲಿ ಪಕ್ಕದ ರಾಜ್ಯಗಳಿಗೆ ಸರಿಹೊಂದಿಸಲು ಅಂತ ದುಬಾರಿ ಬ್ರ್ಯಾಂಡ್‌ಗಳ ಬೆಲೆ ಇಳಿಸಿದರು. ಸ್ಕಾಚ್ ಅಗ್ಗವಾಯಿತು. ಕೂಲಿಯವನು ಕುಡಿಯುವ ಅಗ್ಗದ ಪ್ಯಾಕೆಟ್ ಮದ್ಯ ಮಾತ್ರ ಇಳಿಯಲಿಲ್ಲ. ಅವನಿಗೆ ಗಡಿ ದಾಟಿ ತರುವ ಕಾರೂ ಇಲ್ಲವಲ್ಲ.

ತಂಬಾಕಿನದ್ದು ಇನ್ನೊಂದು ತಮಾಷೆ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟು, ಗುಟ್ಕಾಗಳಿಗೆ ಶೇ 40 ಅಂತ ತೀರ್ಮಾನಿಸಿತು. ಬೀಡಿಯನ್ನು ಮಾತ್ರ ಶೇ 28ರಿಂದ 18ಕ್ಕೆ ಇಳಿಸಿತು. ಬೀಡಿ ಕಟ್ಟಿ ಬದುಕುವ ಹೆಂಗಸರು ಇದ್ದಾರೆ, ಆ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಸೇದುವವನ ಎದೆಗೆ ಬೀಡಿ ಏನು ರಿಯಾಯಿತಿ ಕೊಡುತ್ತದಾ? ಇತ್ತ ಪಿರಿಯಾಪಟ್ಟಣ, ಹುಣಸೂರಿನಲ್ಲಿ ಕೇಂದ್ರದ್ದೇ ತಂಬಾಕು ಮಂಡಳಿ ಹರಾಜು ನಡೆಸುತ್ತದೆ. ನಾವು ಮಂಡ್ಯದವರೂ ಏನು ಕಮ್ಮಿ ಇಲ್ಲ ಬಿಡಿ. ನಾವು ಬೆಳೆಯುವ ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದಲೂ ಮದ್ಯಕ್ಕೆ ಬೇಕಾದ ಸ್ಪಿರಿಟ್ ಆಗುತ್ತದೆ.

ಇಷ್ಟೆಲ್ಲ ತೊಂದರೆ ಯಾಕೆ, ನಿಷೇಧ ಮಾಡಿಬಿಡಿ ಅನ್ನುವವರೂ ಸಿಗುತ್ತಾರೆ. ಆಂಧ್ರದಲ್ಲಿ 1995ರಲ್ಲಿ ಮಾಡಿದರು, 1997ರಲ್ಲಿ ಕೈಬಿಟ್ಟರು. ಬಿಹಾರದಲ್ಲಿ 2016ರಿಂದ ಇದೆ, ಕಳ್ಳಬಟ್ಟಿ ಕುಡಿದು ಸತ್ತವರ ಸುದ್ದಿ ನಿಂತಿಲ್ಲ. ನಮ್ಮಲ್ಲೇ 2007ರ ಜುಲೈನಲ್ಲಿ ಸಾರಾಯಿ ನಿಂತಾಗ ಊರಲ್ಲಿ ಯಾರೂ ಕುಡಿತ ಬಿಡಲಿಲ್ಲ. ಅಗ್ಗದ ವಿಸ್ಕಿಗೆ ಹೋದರು, ಖರ್ಚು ಏರಿತು.

ನಾನಾದರೆ ಟಾರ್ಗೆಟ್ ತೆಗೆಯುತ್ತಿದ್ದೆ. ಬಂದದ್ದರಲ್ಲಿ ಒಂದು ಪಾಲನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡಿಸುವ ವಾರ್ಡಿಗೆ ಎತ್ತಿಡುತ್ತಿದ್ದೆ. ಈಗ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ಅಂದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರೇ ನೆನಪಾಗುತ್ತಾರೆ, ಸರ್ಕಾರ ಅಲ್ಲ.

ನಿಮ್ಮ ಬಿಯರ್ ವಿಷಯಕ್ಕೆ ಬಂದರೆ, ಅಲ್ಲಿ ಮಾತ್ರ ನಿಮ್ಮ ಕಡೆಗೇ ನಾನು. ಅದೇ 2023ರ ಬಜೆಟ್‌ನಲ್ಲಿ ಬಿಯರ್ ಸುಂಕ ಶೇ 175ರಿಂದ 185ಕ್ಕೆ ಹೋಯಿತು. ಆಗಿನ ಈ ಲೆಕ್ಕ ಮುಖ್ಯವಾಗಿ ಬೆಲೆಯ ಮೇಲೆ ಇತ್ತು. ಒಳಗೆ ಆಲ್ಕೋಹಾಲ್ ಎಷ್ಟಿದೆ ಅನ್ನೋದನ್ನು ನೋಡಿ ಹಾಕಿದ್ದರೆ ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲವೇನೋ.