ಹಾಳುಬಿದ್ದ ಮೊಬೈಲ್ ಹೋಮ್ ಪಾರ್ಕನ್ನು ಮೊದಲ ಹೂಡಿಕೆಯಾಗಿ ತಗೊಳ್ಳಬಹುದಾ?

ನೀವು ಬರೆದಿರುವ ಪ್ರಕಾರ ಅಮೆರಿಕದ ಒಹಾಯೊ ರಾಜ್ಯದ ಸಣ್ಣ ಊರಲ್ಲಿ 30 ಲಾಟಿನ ಹಳೇ ಪಾರ್ಕು, ಅಂದರೆ ಕಾರ್ಖಾನೆಯಲ್ಲಿ ಕಟ್ಟಿದ ಮನೆ ತಂದು ಇಡಲು ಬಾಡಿಗೆಗೆ ಕೊಡುವ 30 ಜಾಗ. 17 ಲಾಟಲ್ಲಿ ಜನ ಇದ್ದಾರೆ, ಅದರಲ್ಲಿ 6 ಮನೆ ಪಾರ್ಕಿನ ಮಾಲೀಕರವೇ. ಲಾಟ್ ಬಾಡಿಗೆ ತಿಂಗಳಿಗೆ 300 ಡಾಲರ್, ಮಾಲೀಕರು ಹೇಳುತ್ತಿರುವುದು 6 ಲಕ್ಷ ಡಾಲರ್. ಆ ಬೆಲೆಗೆ ಬೇಡ. ಅರ್ಧಕ್ಕೆ ಕೊಟ್ಟರೂ ನೆಲದಡಿ ಏನಿದೆ ಅಂತ ನೋಡದೆ ಬೇಡ.

ನಾನೂ ಕೊಲಂಬಸ್ ಹತ್ತಿರ ಸಾಫ್ಟ್‌ವೇರ್ ಕೆಲಸ ಮಾಡಿಕೊಂಡೇ ಇಂಥ ಎರಡು ಪಾರ್ಕ್ ನೋಡಿದವನು. ಒಂದನ್ನು ಬಿಟ್ಟೆ, ಒಂದನ್ನು ಕೊಂಡೆ. ಈ ವ್ಯವಹಾರ ನಮ್ಮೂರ ಸಂತೆ ಮಾಳದ ನೆಲಬಾಡಿಗೆ ಇದ್ದ ಹಾಗೆ. ಹೆಚ್ಚಾಗಿ ಮನೆ ಅಲ್ಲಿ ವಾಸಿಸುವವರದು, ನೆಲ, ರಸ್ತೆ, ನೀರು, ಚರಂಡಿ ನಮ್ಮದು. ಮೊಬೈಲ್ ಅನ್ನುವುದು ಹೆಸರಿಗಷ್ಟೇ, ಮನೆ ಎತ್ತಿ ಬೇರೆ ಕಡೆ ಇಡಲು ಸಾವಿರಾರು ಡಾಲರ್ ಬೇಕು, ಹಳೆಯದಾದರೆ ಎತ್ತುವಾಗಲೇ ಮುರಿಯಬಹುದು, ಹಾಗಾಗಿ ಜನ ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ಬ್ರೋಕರ್‌ಗಳು ಇದನ್ನೇ ದೊಡ್ಡ ಲಾಭ ಅಂತ ಹೇಳುತ್ತಾರೆ. ನನಗೆ ಮಾತ್ರ ಅದನ್ನು ಕೇಳಿದಾಗೆಲ್ಲ ಸ್ವಲ್ಪ ಕಸಿವಿಸಿ.

ಲೆಕ್ಕಕ್ಕೆ ಬರೋಣ. 30 ಲಾಟೂ ತುಂಬಿದರೆ ವರ್ಷಕ್ಕೆ 1,08,000 ಡಾಲರ್ ಬಾಡಿಗೆ. ಮಾಲೀಕರು ಬೆಲೆ ಕಟ್ಟಿರುವುದು ಅದಕ್ಕೆ. ಖಾಲಿ ಲಾಟಿಗೆ ನೀವೇಕೆ ದುಡ್ಡು ಕೊಡಬೇಕು? ಅದನ್ನು ತುಂಬಿಸುವ ಒದ್ದಾಟ ನಿಮ್ಮದು ತಾನೇ! ಬಾಡಿಗೆ ಪಟ್ಟಿ ನಂಬಬೇಡಿ, ಅದನ್ನು ಯಾರು ಬೇಕಾದರೂ ಟೈಪ್ ಮಾಡಬಹುದು. 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ತೆರಿಗೆ ರಿಟರ್ನು ಕೇಳಿ. 17ರಲ್ಲಿ 14 ಜನ ಸರಿಯಾಗಿ ಕೊಡುತ್ತಿದ್ದಾರೆ ಅಂತಿಟ್ಟುಕೊಳ್ಳಿ, ವರ್ಷಕ್ಕೆ 50,400 ಆಯ್ತು. ತೆರಿಗೆ, ಇನ್ಶೂರೆನ್ಸ್, ನೀರು, ಹುಲ್ಲು ಕತ್ತರಿಸುವುದು, ಹಿಮ ತೆಗೆಯುವುದು, ರಿಪೇರಿ ಅಂತ ನೂರಕ್ಕೆ 40 ಕಳೆದರೆ ಉಳಿಯುವುದು 30,240. ನೂರಕ್ಕೆ ಹತ್ತರಂತೆ ಹುಟ್ಟುವಳಿ ಬೇಕು ಅಂದರೆ ಬೆಲೆ 3 ಲಕ್ಷದ ಆಸುಪಾಸು. ಪಾರ್ಕಿನ ಆ 6 ಮನೆಗಳಿಂದ ಬರುವ ಜಾಸ್ತಿ ಬಾಡಿಗೆಯನ್ನು ಇದಕ್ಕೆ ಸೇರಿಸಬೇಡಿ, ಮನೆ ಬಿಸಿ ಮಾಡುವ ಫರ್ನೇಸು, ಕೊಳೆತ ನೆಲಹಾಸು, ಸೋರುವ ಮಾಡು ಅದನ್ನು ತಿಂದು ಹಾಕುತ್ತವೆ.

ಈ 3 ಲಕ್ಷದಿಂದಲೂ ಪೈಪಿನ ಖರ್ಚು ಕಳೆಯಬೇಕು. ನಾನು ಬಿಟ್ಟ ಪಾರ್ಕಲ್ಲಿ ಊರಿನ ನೀರಿಗೆ ಒಂದೇ ಮೀಟರ್ ಇತ್ತು. ಮಾಲೀಕರಿಗೆ ಹೇಳಿಯೇ ರಾತ್ರಿ ಎರಡೂವರೆಗೆ ಹೋಗಿ, ಮೀಟರ್ ಗುಂಡಿಯ ಕಬ್ಬಿಣದ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟೆ. ಅಂಕಿಗಳ ಪಕ್ಕ ಒಂದು ಪುಟ್ಟ ಕೆಂಪು ತ್ರಿಕೋನ ಇತ್ತು, ಹನಿ ನೀರು ಹರಿದರೂ ಅದು ಅಲುಗುತ್ತದೆ. ಸುತ್ತ ಎಲ್ಲ ಮನೆಯಲ್ಲೂ ದೀಪ ಆರಿತ್ತು, ಇದು ಮಾತ್ರ ಬುಗುರಿ ಥರ ತಿರುಗುತ್ತಿತ್ತು, ಅಂದರೆ ನೀರು ಎಲ್ಲೋ ಸೋರುತ್ತಿತ್ತು. ಮಾರನೇ ವಾರ ಪ್ಲಂಬರ್ ಕರೆಸಿ ಚರಂಡಿ ಪೈಪಿಗೆ ಕ್ಯಾಮೆರಾ ಇಳಿಸಿದೆ. ನಲವತ್ತು ಅಡಿ ಹೋಗುವಷ್ಟರಲ್ಲಿ ದುಂಡಗಿರಬೇಕಾದ ಪೈಪು ಚಪ್ಪಟೆಯಾಗಿ, ಒಳಗೆಲ್ಲ ಗುಳ್ಳೆ ಎದ್ದಿತ್ತು. ಆರೆಂಜ್‌ಬರ್ಗ್ ಪೈಪು ಅಂದ ಪ್ಲಂಬರ್. ಮರದ ನಾರಿಗೆ ಟಾರು ಸೇರಿಸಿ ಮಾಡಿದ್ದು, ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಬೇಕಾದಷ್ಟು ಕಡೆ ಹೂತಿದ್ದಾರೆ. ಕ್ಯಾಮೆರಾಗೆ ಕೆಲವು ನೂರು ಡಾಲರ್ ಹೋಯಿತು, ಪಾರ್ಕೇನಾದರೂ ಕೊಂಡಿದ್ದರೆ ಇಡೀ ರಸ್ತೆ ಅಗೆಸಬೇಕಿತ್ತು.

ಇನ್ನು ಖಾಲಿ 13 ಲಾಟು. ಎಷ್ಟೋ ಹಳೇ ಪಾರ್ಕುಗಳು ಈಗಿನ ಝೋನಿಂಗ್ (ಎಲ್ಲಿ ಏನು ಕಟ್ಟಬಹುದು ಅನ್ನುವ) ನಿಯಮಕ್ಕೆ ಹೊಂದುವುದಿಲ್ಲ, ಮೊದಲಿಂದ ಇದೆ ಅಂತ ಸುಮ್ನೆ ಬಿಟ್ಟಿರುತ್ತಾರೆ ಅಷ್ಟೇ. ಲಾಟು ಬಹಳ ಕಾಲ ಖಾಲಿ ಇದ್ದರೆ ಕೆಲವು ಊರುಗಳಲ್ಲಿ ಆ ಹಕ್ಕೇ ಹೋಗುತ್ತದೆ. ಝೋನಿಂಗ್ ಆಫೀಸಿನಿಂದ ಕಾಗದದಲ್ಲೇ ಉತ್ತರ ತಗೊಳ್ಳಿ. ಪಾರ್ಕಿನ 6 ಮನೆಗೂ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಇದೆಯಾ ನೋಡಿ. ಒಹಾಯೊದಲ್ಲಿ ಕಾರಿಗಿರುವ ಹಾಗೆ ಇವಕ್ಕೂ ಟೈಟಲ್ ಇರುತ್ತದೆ, ಕೌಂಟಿಯ ಟೈಟಲ್ ಆಫೀಸಲ್ಲಿ ವಿಚಾರಿಸಬಹುದು. 1976ರ ಜೂನ್ 15ಕ್ಕೆ ಮುಂಚಿನ ಮನೆಗಳಿಗೆ ಫೆಡರಲ್ ಗುಣಮಟ್ಟದ ಕೆಂಪು ಫಲಕ ಇರುವುದಿಲ್ಲ, ಅಂಥವಕ್ಕೆ ಸಾಲ, ಇನ್ಶೂರೆನ್ಸ್ ಎರಡೂ ಕಷ್ಟ. ಆ ಮನೆಗಳಿಗೆ ಬೆಲೆ ಸೊನ್ನೆ ಅಂತಲೇ ಹಾಕಿಕೊಳ್ಳಿ.

ಒಂದು ಶನಿವಾರ ಸಂಜೆ ಸುಮ್ನೆ ಹೋಗಿ ಅಲ್ಲಿನವರ ಜೊತೆ ಮಾತಾಡಿ. ನನ್ನ ಈಗಿನ ಪಾರ್ಕಲ್ಲಿ ಮಳೆ ಬಂದರೆ ಯಾವ ಮೂರು ಲಾಟಿಗೆ ನೀರು ನುಗ್ಗುತ್ತದೆ ಅಂತ ಹೇಳಿದ್ದು ಮಾಲೀಕರಲ್ಲ, ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಅಜ್ಜಿ.

ನೀರು ಊರಿನದಾ ಬೋರ್‌ವೆಲ್ಲಿನದಾ ಅಂತ ನೀವು ಬರೆದೇ ಇಲ್ಲ. ಬೋರ್ ಆಗಿದ್ದು, 15 ಕನೆಕ್ಷನ್ ಇದ್ದರೆ ಅಥವಾ 25 ಜನ ಕುಡಿಯುತ್ತಿದ್ದರೆ ಇಲ್ಲಿನ ಕಾನೂನಿನಲ್ಲಿ ಅದು ಪಬ್ಲಿಕ್ ವಾಟರ್ ಸಿಸ್ಟಮ್, ಲ್ಯಾಬ್ ಪರೀಕ್ಷೆ, ರಿಪೋರ್ಟು ಎಲ್ಲ ನಿಮ್ಮ ತಲೆ ಮೇಲೆ. ನೀವೇ ಒಂದು ಜಲಮಂಡಳಿ ಆದಂತೆ. ಯಾವುದು ಅಂತ ತಿಳಿಸಿ, ಇನ್ನೂ ಸ್ವಲ್ಪ ಹೇಳುತ್ತೇನೆ.