ಬೆಲ್ಟ್ ಡ್ರೈವಾ, ಡೈರೆಕ್ಟ್ ಡ್ರೈವಾ?

ಪ್ರಶ್ನೆ: ಸಾಧಾರಣ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಬಿಟ್ಟು ಈಗ ಒಂದು ದುಬಾರಿಯದ್ದೇ ತಗೊಳ್ಳೋಣ ಅಂತಿದ್ದೇನೆ. ಭಾರದ ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಇರುವ, ಅದನ್ನು ಬೆಲ್ಟ್‌ನಿಂದ ತಿರುಗಿಸುವ ಬೆಲ್ಟ್ ಡ್ರೈವ್ ಒಂದು, ಮೋಟಾರೇ ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಒಂದು ನೋಡಿಟ್ಟಿದ್ದೇನೆ. ಡೈರೆಕ್ಟ್ ಡ್ರೈವ್ ಏನಿದ್ದರೂ ಡಿಜೆಗಳಿಗೆ, ಕೂತು ಕೇಳೋರಿಗೆ ಬೆಲ್ಟೇ ಸರಿ ಅಂತಾರೆ ಗೆಳೆಯರು. ಆದರೆ ವಾವ್-ಫ್ಲಟರ್ (ತಿರುಗುವ ವೇಗದ ಏರಿಳಿತ) ಅಂಕಿ ಡೈರೆಕ್ಟ್ ಡ್ರೈವ್‌ನದ್ದೇ ಕಮ್ಮಿ ಇದೆ. ಯಾವುದನ್ನು ನಂಬಲಿ?

ಉತ್ತರ: ಗೆಳೆಯರ ಮಾತನ್ನು ಮೊದಲು ಪಕ್ಕಕ್ಕಿಡಿ. 1970ರಲ್ಲಿ ಬಂದ ಟೆಕ್ನಿಕ್ಸ್ ಕಂಪನಿಯ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ ಎಸ್‌ಪಿ-10 ಡಿಜೆಗಳಿಗೆ ಅಂತ ಮಾಡಿದ್ದಲ್ಲ. ಅದು ರೇಡಿಯೊ ಕೇಂದ್ರಗಳಲ್ಲಿ ದುಡಿದ ಯಂತ್ರ. ರೆಕಾರ್ಡ್ ಕೊರೆಯುವ ಲೇಥ್ ಯಂತ್ರಗಳಲ್ಲೂ ಅದೇ ಕಂಪನಿಯ ಡೈರೆಕ್ಟ್ ಡ್ರೈವ್ ಮೋಟಾರ್ ಬಳಸಿದ್ದಾರೆ.

ಪ್ರತಿ ಡ್ರೈವ್‌ಗೂ ಅದರದೇ ಒಂದು ಕಾಯಿಲೆ ಇದೆ. ತಯಾರಕರು ಅದಕ್ಕೆ ಏನು ಮದ್ದು ಮಾಡಿದ್ದಾರೆ ಅಂತ ನೋಡಿ, ಹೆಸರು ನೋಡಿ ತಗೋಬೇಡಿ.

ಡೈರೆಕ್ಟ್ ಡ್ರೈವ್‌ನಲ್ಲಿ ಪ್ಲ್ಯಾಟರ್ ಕೂರೋದು ಮೋಟಾರ್ ಮೇಲೇ. ನಿಮಿಷಕ್ಕೆ 33⅓ ಸುತ್ತು ಅಂದರೆ ಬಹಳ ನಿಧಾನ. ಅಷ್ಟು ನಿಧಾನಕ್ಕೆ ತಿರುಗುವಾಗ ಮೋಟಾರ್‌ನ ಒಂದೊಂದು ಅಯಸ್ಕಾಂತ ಧ್ರುವ ದಾಟುವಾಗಲೂ ಸಣ್ಣ ಜಗ್ಗು ಬರುತ್ತದೆ. ಇದನ್ನೇ ಕಾಗಿಂಗ್ ಅನ್ನೋದು. ಇದಕ್ಕೆ ಮದ್ದು, ಕಬ್ಬಿಣದ ತಿರುಳಿಲ್ಲದ ಕೋರ್‌ಲೆಸ್ ಮೋಟಾರ್. 2016ರಲ್ಲಿ ಮತ್ತೆ ಬಂದ ಟೆಕ್ನಿಕ್ಸ್‌ನ ಎಸ್‌ಎಲ್-1200 ಟರ್ನ್‌ಟೇಬಲ್‌ನಲ್ಲಿ ಇರೋದು ಅದೇ.

ಬೆಲ್ಟ್ ಡ್ರೈವ್‌ನ ಕಥೆ ಸ್ವಲ್ಪ ಉದ್ದ. ರಬ್ಬರ್ ಬೆಲ್ಟ್ ಮೋಟಾರ್‌ನ ನಡುಕವನ್ನು ನುಂಗಿಕೊಳ್ಳುತ್ತದೆ, ಅದೇ ಅದರ ದೊಡ್ಡ ಲಾಭ. ಆದರೆ ರಬ್ಬರ್ ಹಿಗ್ಗುತ್ತದಲ್ವಾ? ಹಿಗ್ಗುವ ಬೆಲ್ಟಿಗೆ ಭಾರದ ಪ್ಲ್ಯಾಟರ್ ಕಟ್ಟಿದರೆ ಎರಡೂ ಸೇರಿ ತಮ್ಮದೇ ಲಯದಲ್ಲಿ ನಿಧಾನಕ್ಕೆ ಹಿಂದೆ ಮುಂದೆ ತೂಗಾಡಬಹುದು. ಸೆಕೆಂಡಿಗೆ ಕೆಲವೇ ಸಲ, ಕಿವಿ ಸುಲಭವಾಗಿ ಹಿಡಿಯುವ ಜಾಗದಲ್ಲಿ. ಸುಮ್ನೆ ಪ್ಲ್ಯಾಟರ್ ತೂಕ ಜಾಸ್ತಿ ಇದ್ದರೆ ಒಳ್ಳೆಯದು ಅನ್ನೋ ಮಾತನ್ನು ಅದಕ್ಕೇ ನಾನು ಅಷ್ಟಾಗಿ ನಂಬೋದಿಲ್ಲ. ಭಾರ ಜಾಸ್ತಿಯಾದಷ್ಟೂ ಪ್ಲ್ಯಾಟರ್ ಹೊತ್ತು ತಿರುಗಿಸುವ ಬೇರಿಂಗ್‌ಗೂ ಕಷ್ಟ. ಕೆಲವರು ರಬ್ಬರ್ ಬಿಟ್ಟು ಹಿಗ್ಗದ ದಾರ ಅಥವಾ ಟೇಪ್ ಹಾಕುತ್ತಾರೆ. ಬೆಲ್ಟ್ ಒಂದೇ ಕಡೆಗೆ ಎಳೆಯದಿರಲಿ ಅಂತ ಎರಡು, ಮೂರು ಮೋಟಾರ್ ಇಡುವವರೂ ಇದ್ದಾರೆ.

ಐಡ್ಲರ್ ಡ್ರೈವ್ ಅಂತ ಮೂರನೆಯದೂ ಇದೆ, ಗ್ಯಾರಾರ್ಡ್ 301 ತರಹದ್ದು. ರಬ್ಬರ್ ಚಕ್ರ ನೇರವಾಗಿ ಪ್ಲ್ಯಾಟರ್ ಅಂಚನ್ನು ತಳ್ಳುತ್ತದೆ. ಶಕ್ತಿ ಚೆನ್ನಾಗಿದೆ, ಗುರ್ ಅನ್ನೋ ಸದ್ದೂ ಜೊತೆಗೇ ಬರುತ್ತದೆ. ಹಳೇ ಯಂತ್ರ ಬಿಚ್ಚಿ ಕಟ್ಟುವ ಹುಚ್ಚಿದ್ದರೆ ಮಾತ್ರ ಆ ಕಡೆ ಹೋಗಿ.

ಇನ್ನು ವಾವ್-ಫ್ಲಟರ್ ಅಂಕಿ. ಒಬ್ಬರು ಸರಾಸರಿ ಲೆಕ್ಕದಲ್ಲಿ ಕೊಡುತ್ತಾರೆ, ಇನ್ನೊಬ್ಬರು ಗರಿಷ್ಠ ಲೆಕ್ಕದಲ್ಲಿ. ಒಂದೇ ಯಂತ್ರಕ್ಕೂ ಎರಡು ಅಂಕಿ ಬರುತ್ತವೆ. ಎರಡೂ ಒಂದೇ ಅಳತೆಯಲ್ಲಿದ್ದರೆ ಮಾತ್ರ ಹೋಲಿಸಿ.

ನಿಜವಾದ ತಮಾಷೆ ಇರೋದು ರೆಕಾರ್ಡಿನಲ್ಲೇ. ಅದರ ನಡುವಿನ ತೂತು ಅರ್ಧ ಮಿ.ಮೀ. ಆಚೀಚೆ ಇದ್ದರೆ ಸಾಕು. ಅತಿ ಒಳಗಿನ ಗ್ರೂವ್ (ಸೂಜಿ ಓಡುವ ಗೆರೆ) ಕೇಂದ್ರದಿಂದ ಸುಮಾರು 60 ಮಿ.ಮೀ. ದೂರದಲ್ಲಿರುತ್ತದೆ. ಅಲ್ಲಿ ಸೂಜಿಯಡಿಯ ವೇಗ ಪ್ರತಿ ಸುತ್ತಿಗೂ, ಅಂದರೆ 1.8 ಸೆಕೆಂಡಿಗೊಮ್ಮೆ, ಶೇ 0.8ರಷ್ಟು ಏರಿ ಇಳಿಯುತ್ತದೆ. ಶೇ 0.03 ಮತ್ತು 0.05ರ ವಾವ್-ಫ್ಲಟರ್ ಅಂಕಿಗಳ ನಡುವೆ ತಲೆ ಕೆಡಿಸಿಕೊಳ್ಳುವವರು ಇದನ್ನು ಗಮನಿಸೋದೇ ಇಲ್ಲ. ಟೋನ್‌ಆರ್ಮ್ (ಸೂಜಿ ಹಿಡಿದ ಕೈ) ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದರೆ ತೂತು ಪಕ್ಕಕ್ಕೆ ಸರಿದಿದೆ ಅಂತಲೇ ಅರ್ಥ. ನಕಾಮಿಚಿಯವರು ಇದನ್ನು ತಾನೇ ಸರಿಪಡಿಸಿಕೊಳ್ಳುವ ಟಿಎಕ್ಸ್-1000 ಅನ್ನೋ ಟರ್ನ್‌ಟೇಬಲ್ಲನ್ನೇ ಮಾಡಿದ್ದರು.

ಹಾಗಾಗಿ ಕೊಳ್ಳುವ ಮುಂಚೆ ತೂತು ನೆಟ್ಟಗಿರುವ ಒಂದು ಪಿಯಾನೊ ರೆಕಾರ್ಡ್ ಕೈಲಿ ಹಿಡಿದುಕೊಂಡೇ ಹೋಗಿ. ಉದ್ದಕ್ಕೆ ಎಳೆದ ಸ್ವರ ಅಲುಗದೆ ನಿಲ್ಲುತ್ತಾ ಕೇಳಿ. ವೇಗ ನೋಡಲು ಇಡುವ ಗೆರೆಗಳ ತಟ್ಟೆ, ಸ್ಟ್ರೋಬ್ ಡಿಸ್ಕ್, ತೋರಿಸೋದು ಸರಾಸರಿ ವೇಗ, ಸಣ್ಣ ಅಲುಗಾಟ ಅದರಲ್ಲಿ ಕಾಣೋದು ಕಷ್ಟ. ಆಮೇಲೆ ಹಾಡಿಗೆ ಮುಂಚಿನ ಮೌನದ ಗ್ರೂವ್‌ನಲ್ಲಿ ಸೂಜಿ ಇಟ್ಟು ವಾಲ್ಯೂಮ್ ಸ್ವಲ್ಪ ಏರಿಸಿ. ಅಲ್ಲಿ ಗುರುಗುಟ್ಟುವ ಸದ್ದು ಬಂದರೆ ಬೇರಿಂಗ್ ಅಥವಾ ಮೋಟಾರ್ ಮೇಲೆ ಅನುಮಾನ ಪಡಿ.

ಎರಡು ಯಂತ್ರಗಳೂ ಪಾಸಾದರೆ ನಾನು ಡೈರೆಕ್ಟ್ ಡ್ರೈವ್ ಕಡೆಗೇ ವಾಲುತ್ತೇನೆ, ದಿನಾ ಕೇಳೋರಿಗೆ ರಗಳೆ ಕಮ್ಮಿ. ಒಂದೇ ಷರತ್ತು: ಅದರ ಕಂಟ್ರೋಲ್ ಬೋರ್ಡ್ ಕೆಟ್ಟರೆ ಬದಲಿ ಸಿಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ. ಬೆಲ್ಟ್ ಹೋದರೆ ಇನ್ನೊಂದು ತಂದು ಹಾಕಬಹುದು, ಬೋರ್ಡ್ ಹಾಗಲ್ಲ.